ಮರಗೆಲಸದ ಮನೆಯೂ ಕಾಣದ ಧೂಳೂ

ಹೆಂಚಿನ ಮನೆಗಳಲ್ಲಿ ಬೆಳೆದವರಿಗೆ ಬೆಳಕಿಂಡಿಯ ಬಿಸಿಲುಕೋಲು ಚೆನ್ನಾಗಿ ಪರಿಚಿತವಾದುದು. ಗಾಜಿನ ಹೆಂಚಿನ ಮೂಲಕ ಬೆಳಗಿನ ಬಿಸಿಲು ಓರೆಯಾಗಿ ಇಳಿದಾಗ, ಅದರಲ್ಲಿ ಅಸಂಖ್ಯಾತವಾದ ಕಣಗಳು ಮೇಲಕ್ಕೂ ಕೆಳಕ್ಕೂ ಆಡುತ್ತಿರುವುದನ್ನು ಕಂಡು, ಬಾಲ್ಯದಲ್ಲಿ ನಾವೆಲ್ಲರೂ ಹಿಡಿಯಲು ಕೈಚಾಚಿದವರೇ. ನಮ್ಮ ಪೂರ್ವಿಕರು ಈ ಕಣಕ್ಕೆ ತ್ರಸರೇಣುವೆಂದು ಹೆಸರಿಟ್ಟರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತೂಕಗಳ ಲೆಕ್ಕವು ಆರಂಭವಾಗುವುದು ಇದರಿಂದಲೇ: ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷಾ, ಮೂರು ಲಿಕ್ಷೆಗಳಿಗೆ ಒಂದು ಕರಿಸಾಸಿವೆ. ವೈಶೇಷಿಕರು ಇನ್ನೂ ಒಳಹೊಕ್ಕು, ಎರಡು ಪರಮಾಣುಗಳು ಸೇರಿ ದ್ವ್ಯಣುಕ, ಮೂರು ದ್ವ್ಯಣುಕಗಳು ಸೇರಿ ತ್ರಸರೇಣು, ಕಣ್ಣಿಗೆ ಗೋಚರವಾಗುವುದು ಇಲ್ಲಿಂದ ಮೇಲೆಯೇ, ಅದಕ್ಕಿಂತ ಸಣ್ಣವು ಇದ್ದರೂ ಕಾಣವು ಎಂದರು. ಬಹುವರ್ಷ ಸಂಸ್ಕೃತಪಾಠ ಹೇಳಿದ ನಾನು ಈ ಮಾತನ್ನು ಹುಡುಗರಿಗೆ ಎಷ್ಟೋ ಸಲ ವಿವರಿಸಿದ್ದುಂಟು. ಆದರೆ ಅದರ ಅರ್ಥವನ್ನು ನಾನೇ ಕಲಿತದ್ದು ನಿವೃತ್ತನಾದ ಮೇಲೆ, ನನ್ನ ಹಿತ್ತಲಿನ ಕೊಟ್ಟಿಗೆಯಲ್ಲಿ. ಆ ವೃತ್ತಾಂತವನ್ನೂ, ಅದರಿಂದ ತಿಳಿದುಬಂದ ಉಪಯುಕ್ತ ಸಂಗತಿಗಳನ್ನೂ ವಾಚಕರಲ್ಲಿ ನಿವೇದಿಸುವುದೇ ಈ ಲೇಖನದ ಉದ್ದೇಶ.

ಪೊರಕೆಯಿಂದ ಚೀಲಕ್ಕೆ

ನಮ್ಮದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಹೆಂಚಿನ ಮನೆ. ಹಸುಕರುಗಳ ಕಾಲವು ಮುಗಿದ ಮೇಲೆ ಹಿತ್ತಲಿನ ಕೊಟ್ಟಿಗೆಯು ಬರಿದಾಗಿ ನಿಂತಿತ್ತು. ಅದರ ಉದ್ದ ೧೪ ಅಡಿ, ಅಗಲ ೧೦ ಅಡಿ. ಗ್ರಂಥವನ್ನಿಟ್ಟು ಓದಲು ಒಂದು ವ್ಯಾಸಪೀಠವನ್ನು ಸ್ವಹಸ್ತದಿಂದ ಮಾಡಿಕೊಳ್ಳಬೇಕೆಂಬ ಆಸೆಯು ನನಗೆ ಬಹುಕಾಲದಿಂದ ಇದ್ದಿತು. ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ವ್ಯಯಮಾಡಿ, ೧೦ ಅಂಗುಲದ ಚಕ್ರವುಳ್ಳ ಗರಗಸದ ಮೇಜನ್ನೂ, ಹಲಗೆಯನ್ನು ಹೆರೆದು ಸಮಮಾಡುವ ಪ್ಲೇನರ್ ಯಂತ್ರವನ್ನೂ, ಉಪ್ಪುಕಾಗದವನ್ನು ಕಟ್ಟಿಕೊಂಡು ಗಿರನೆ ತಿರುಗುವ ಕೈಯಂತ್ರವನ್ನೂ ಕೊಂಡೆನು. ಮೂವತ್ತು ವರ್ಷಗಳಿಂದ ಮರಗೆಲಸ ಮಾಡಿ ಜೀವಿಸುತ್ತಿರುವ ನಮ್ಮ ಬೀದಿಯ ಆಚಾರ್ರು ವಾರಕ್ಕೆರಡು ದಿನ ಬಂದು ನನಗೆ ಗುರುಗಳಾದರು.

ಮೊದಲ ತಿಂಗಳು ಪೊರಕೆಯೇ ನಮ್ಮ ಸಾಧನ. ಸಂಜೆ ಹೊಟ್ಟನ್ನು ಗುಡಿಸಿ ಮೂಟೆಕಟ್ಟಿದರೆ ಕೆಲಸ ಮುಗಿಯಿತೆಂದು ತಿಳಿದಿದ್ದೆನು. ಒಂದು ದಿನ ನನ್ನ ಮನೆಯಾಕೆ, “ನಿಮ್ಮ ಮರದ ಹಿಟ್ಟು ದೇವರ ದೀಪದ ಮೇಲೂ ಕೂತಿದೆ, ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೂ ಕೂತಿದೆ. ಕೊಟ್ಟಿಗೆಯೆಲ್ಲಿ, ಅಡಿಗೆಮನೆಯೆಲ್ಲಿ?” ಎಂದಳು. ಆಗ ಮನೆಯನ್ನು ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನೇ ಗರಗಸಕ್ಕೆ ಹೂಡಿ ನೋಡಿದೆನು. ಕಾಲು ಗಂಟೆಯಲ್ಲಿ ಅದರ ಹೊಟ್ಟೆ ತುಂಬಿ ಮೋಟಾರು ಸುಡತೊಡಗಿತು. ಅನಂತರ ಅಂಗಡಿಯವರೊಬ್ಬರ ಮಾತಿನಂತೆ ಒಂದು ಅಶ್ವಶಕ್ತಿಯ ಬ್ಲೋಯರನ್ನು ಕೊಂಡು ತಂದೆನು. ಅದಕ್ಕೆ ಒಂದು ಬಟ್ಟೆಯ ಚೀಲ, ೪ ಅಂಗುಲದ ಸುಕ್ಕುಸುಕ್ಕಾದ ಕೊಳವೆ ೨೦ ಅಡಿ. ನೆಲವು ಕನ್ನಡಿಯಂತಾಯಿತು. ನನಗಾದ ಹೆಮ್ಮೆಯು ಅಷ್ಟಿಷ್ಟಲ್ಲ.

ದಸರೆಯ ರಜಕ್ಕೆ ಏಳು ವರ್ಷದ ನಮ್ಮ ಮೊಮ್ಮಗಳು ಬಂದಳು. ಹಗಲೆಲ್ಲ ಕೊಟ್ಟಿಗೆಯ ಬೆಂಚಿನ ಮೇಲೆ ಕುಳಿತು ನನ್ನ ಕೆಲಸವನ್ನು ನೋಡುವುದೇ ಅವಳ ಆಟ. ಮೂರನೆಯ ರಾತ್ರಿ ಮಗುವಿಗೆ ಕೆಮ್ಮು ಹಿಡಿಯಿತು. ಬೆಳಗಿನ ಜಾವಕ್ಕೆ ಉಸಿರೆಳೆದಾಗ ಎದೆಯಲ್ಲಿ ಸಿಳ್ಳಿನಂಥ ಸದ್ದು. ವೈದ್ಯರು ಔಷಧವನ್ನು ಕೊಟ್ಟು, “ಮನೆಯಲ್ಲಿ ಧೂಳೇನಾದರೂ ಉಂಟೆ?” ಎಂದು ಕೇಳಿದರು. “ಇಲ್ಲ, ಧೂಳು ಹೀರುವ ಯಂತ್ರವನ್ನೇ ಇಟ್ಟಿದ್ದೇನೆ” ಎಂದು ಧೈರ್ಯವಾಗಿ ಉತ್ತರಿಸಿದೆನು.

ಮನೆಗೆ ಬಂದು ಕೊಟ್ಟಿಗೆಯ ಬಾಗಿಲನ್ನು ತೆರೆದಾಗ ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿದಿತ್ತು. ಹಿಂದಿನ ಸಂಜೆ ಆರು ಗಂಟೆಗೆ ಕೆಲಸವನ್ನು ನಿಲ್ಲಿಸಿದ್ದೆವು; ಆದರೂ ಆ ಕೋಲಿನೊಳಗೆ ತ್ರಸರೇಣುಗಳು ತೇಲುತ್ತಿದ್ದುವು. ಅವುಗಳನ್ನು ಹೀರಿಬಿಡೋಣವೆಂದು ಬ್ಲೋಯರಿನ ಗುಂಡಿಯನ್ನು ಒತ್ತಿದೆನು. ಚೀಲವು ಉಬ್ಬಿತು, ಬಟ್ಟೆಯ ಒಂದೊಂದು ರಂಧ್ರದಿಂದಲೂ ಸಾಂಬ್ರಾಣಿಯ ಹೊಗೆಯಂತೆ ಸೂಕ್ಷ್ಮವಾದ ಪುಡಿಯು ಹೊರಟು ಬಿಸಿಲಿನಲ್ಲಿ ಸುತ್ತತೊಡಗಿತು. ನೆಲವನ್ನು ಗುಡಿಸಿ ಗಾಳಿಯನ್ನು ಕೊಳೆಮಾಡುವ ಯಂತ್ರವನ್ನು ನಾನು ಹಣಕೊಟ್ಟು ಮನೆಗೆ ತಂದಿದ್ದೆನು.

ಧೂಳು ಎಷ್ಟು ಸಣ್ಣದು?

ಅಂದಿನಿಂದ ಈ ವಿಷಯವನ್ನು ಪಾಠದಂತೆ ಓದತೊಡಗಿದೆನು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ನಾವು ಗುಡಿಸುವ ಹೊಟ್ಟು ಅದಕ್ಕಿಂತಲೂ ದಪ್ಪ; ಅದು ಮೂಗಿನಲ್ಲಿಯೇ ತಡೆಯಲ್ಪಡುತ್ತದೆ. ೧೦ ಮೈಕ್ರಾನಿಗಿಂತ ಸಣ್ಣದು ಗಂಟಲನ್ನು ದಾಟಿ ಎದೆಗೆ ಇಳಿಯಬಲ್ಲುದು. ಎರಡೂವರೆ ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೆ ಹೋಗಬಲ್ಲುದು. ನಿಶ್ಚಲವಾದ ಗಾಳಿಯಲ್ಲಿ ಐದಡಿ ಎತ್ತರದಿಂದ ನೆಲಕ್ಕೆ ಇಳಿಯಲು ೧೦ ಮೈಕ್ರಾನಿನ ಕಣಕ್ಕೆ ಸುಮಾರು ಎಂಟು ನಿಮಿಷಗಳು ಬೇಕು; ಒಂದು ಮೈಕ್ರಾನಿನ ಕಣಕ್ಕಾದರೋ ಸುಮಾರು ಹನ್ನೆರಡು ಗಂಟೆಗಳು. ಸಂಜೆ ಎಬ್ಬಿಸಿದ ಧೂಳು ಬೆಳಗಿನ ಬಿಸಿಲಿನಲ್ಲಿ ಏಕೆ ಕಂಡಿತೆಂಬುದು ಇದರಿಂದ ತಿಳಿಯಿತು.

ಹಿಂದಿನ ಕಾಲದ ಬಡಗಿಗಳಿಗೆ ಈ ಉಪದ್ರವವು ಇಷ್ಟಾಗಿರಲಿಲ್ಲ. ಕೈಯಿಂದ ತಳ್ಳುವ ಉಜ್ಜುಗೊರಡು ಮರವನ್ನು ಸುರುಳಿಸುರುಳಿಯಾಗಿ ಎತ್ತುತ್ತದೆ. ಉಳಿಯು ಕೆತ್ತೆಗಳನ್ನು ಚೆಲ್ಲುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗರಗಸವೂ, ಅದಕ್ಕಿಂತ ಹೆಚ್ಚಾಗಿ ಉಪ್ಪುಕಾಗದದ ಯಂತ್ರವೂ ಮರವನ್ನು ಹಿಟ್ಟುಮಾಡುತ್ತವೆ. ಆದುದರಿಂದ ಧೂಳಿನ ನಿವಾರಣೆಯಲ್ಲಿ ಮೊದಲನೆಯ ಉಪಾಯವು ಧೂಳನ್ನು ಹುಟ್ಟಿಸದಿರುವುದೇ. ಕೊನೆಯ ನಯಗೆಲಸವನ್ನು ನಾನು ಈಗ ಹೆಚ್ಚಾಗಿ ಕೈಗೊರಡಿನಿಂದಲೇ ಮಾಡುತ್ತೇನೆ.

ಈ ಹಿಟ್ಟು ಕೇವಲ ಕೆಮ್ಮಿನ ಮಾತಲ್ಲ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರು ಕುರ್ಚಿಗಳ ತಯಾರಿಕೆಗೆ ಹೆಸರಾದುದು. ೧೯೬೦ರ ದಶಕದಲ್ಲಿ ಆ ಸೀಮೆಯ ಪೀಠೋಪಕರಣದ ಕೆಲಸಗಾರರಲ್ಲಿ ಮೂಗಿನೊಳಗಿನ ಅತಿ ವಿರಳವಾದ ಒಂದು ಬಗೆಯ ಅರ್ಬುದವು ಅಸಾಧಾರಣವಾಗಿ ಕಾಣಿಸಿಕೊಳ್ಳುತ್ತಿರುವುದನ್ನು ಎಸ್ಮೆ ಹ್ಯಾಡ್‌ಫೀಲ್ಡ್, ರೊನಾಲ್ಡ್ ಮ್ಯಾಕ್‌ಬೆತ್ ಎಂಬ ವೈದ್ಯರು ಗಮನಿಸಿದರು. ಅವರೂ ಡೊನಾಲ್ಡ್ ಆಚಿಸನ್ ಮೊದಲಾದವರೂ ಕೂಡಿ ೧೯೬೮ರಲ್ಲಿ ಅದನ್ನು ಲೆಕ್ಕದೊಡನೆ ಪ್ರಕಟಿಸಿದರು. ೧೯೯೫ರಲ್ಲಿ ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಮರದ ಧೂಳನ್ನು ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವುದೆಂದು ನಿಶ್ಚಿತವಾದ ಪದಾರ್ಥಗಳ ವರ್ಗಕ್ಕೆ ಸೇರಿಸಿತು. ಇದು ಬಹುವರ್ಷ ದುಡಿದವರಿಗೆ ಬಂದ ವಿರಳ ವ್ಯಾಧಿ. ವಾರಕ್ಕೆರಡು ದಿನ ಮಣೆಯನ್ನು ಮಾಡುವವರು ಭಯಪಡಬೇಕಾದ ಕಾರಣವಿಲ್ಲ. ಉಬ್ಬಸ, ಮೂಗು ಸೋರುವಿಕೆ, ಚರ್ಮದ ತುರಿಕೆಗಳು ಮಾತ್ರ ಎಲ್ಲರಿಗೂ ಹತ್ತಿರದವು. ನಮ್ಮ ತೇಗ, ಬೀಟೆಗಳ ಧೂಳು ಹಲವರ ಮೈಗೆ ಒಗ್ಗುವುದಿಲ್ಲ. ಅಂಟು ಬೆರಸಿ ಒತ್ತಿದ ಎಂ.ಡಿ.ಎಫ್. ಹಲಗೆಗಳ ಧೂಳು ಬಹು ಸೂಕ್ಷ್ಮವಾದುದಲ್ಲದೆ ಆ ಅಂಟನ್ನೂ ಹೊತ್ತಿರುತ್ತದೆ.

ಎಷ್ಟು ಧೂಳು ಅತಿಯಾದುದು? ಯೂರೋಪಿನ ಒಕ್ಕೂಟದ ನಿಯಮದಂತೆ ೨೦೨೩ರ ಜನವರಿಯಿಂದ ಗಟ್ಟಿಮರದ ಧೂಳು, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಘನಮೀಟರ್ ಗಾಳಿಗೆ ೨ ಮಿಲಿಗ್ರಾಮನ್ನು ಮೀರಕೂಡದು. ನನ್ನ ಕೊಟ್ಟಿಗೆಯ ಎತ್ತರ ೯ ಅಡಿ. ಅದರೊಳಗಿನ ಗಾಳಿ ೧,೨೬೦ ಘನ ಅಡಿ, ಅಂದರೆ ಸುಮಾರು ೩೬ ಘನಮೀಟರ್. ಹಾಗಾದರೆ ಇಡೀ ಕೊಟ್ಟಿಗೆಯ ಗಾಳಿಯಲ್ಲಿ ತೇಲಬಹುದಾದ ಧೂಳು ೭೨ ಮಿಲಿಗ್ರಾಮು; ಸಾರಿಗೆ ಹಾಕುವ ಒಂದು ಚಿಟಿಕೆ ಅರಿಸಿನಕ್ಕಿಂತ ಕಡಿಮೆ! ಈ ಲೆಕ್ಕವನ್ನು ಮಾಡಿದ ದಿನ ಮೂಟೆಗಟ್ಟಲೆ ಹೊಟ್ಟನ್ನು ಹಿಡಿದೆನೆಂಬ ನನ್ನ ಹೆಮ್ಮೆಯು ಇಳಿಯಿತು.

ಹೀರುವ ಬಾಯಿ

ಧೂಳಿನ ಯಂತ್ರವನ್ನು ಕೊಳ್ಳುವವರು ಸಾಮಾನ್ಯವಾಗಿ ಮೋಟಾರಿನ ಅಶ್ವಶಕ್ತಿಯನ್ನು ಕೇಳುತ್ತಾರೆ. ನಾನೂ ಹಾಗೆಯೇ ಕೇಳಿದೆನು. ಕೇಳಬೇಕಾದುದು ಬೇರೆ: ಗರಗಸದ ಹತ್ತಿರ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿಯು ಚಲಿಸುತ್ತದೆ?

ಹೀರುವ ಯಂತ್ರಗಳಲ್ಲಿ ಎರಡು ಜಾತಿಗಳುಂಟು. ವ್ಯಾಕ್ಯೂಮ್ ಕ್ಲೀನರ್ ಎಳನೀರನ್ನು ಕೊಳವೆಯಿಂದ ಹೀರುವ ಬಾಯಿಯಂತೆ. ಎಳೆತವು ಬಲವಾದುದು, ಗಾಳಿಯ ಪ್ರಮಾಣವು ಅಲ್ಪ. ಅದು ಕೈಯಲ್ಲಿ ಹಿಡಿಯುವ ಉಪ್ಪುಕಾಗದದ ಯಂತ್ರಕ್ಕೂ ಸಣ್ಣ ಗರಗಸಕ್ಕೂ ಸರಿಯಾದ ಜೊತೆ. ಆ ಯಂತ್ರಗಳ ಬಾಯಿಯೂ ಒಂದೂವರೆ ಅಂಗುಲವನ್ನು ಮೀರದು. ಬ್ಲೋಯರಾದರೋ ದೊಡ್ಡ ಬೀಸಣಿಗೆಯಂತೆ. ಎಳೆತವು ಸೌಮ್ಯ, ಗಾಳಿಯು ಹೇರಳ. ಗರಗಸದ ಮೇಜಿಗೂ ಪ್ಲೇನರಿಗೂ ಬೇಕಾದುದು ಇದು. ನಾನು ಮೊದಲು ಒಂದರ ಕೆಲಸವನ್ನು ಇನ್ನೊಂದಕ್ಕೆ ಹೇಳಿ ಕೆಟ್ಟೆನು.

ಗರಗಸದ ಮೇಜು, ಪ್ಲೇನರುಗಳ ಹೊಟ್ಟನ್ನು ಸಾಗಿಸಲು ನಿಮಿಷಕ್ಕೆ ೩೫೦ರಿಂದ ೪೫೦ ಘನ ಅಡಿ ಗಾಳಿಯು ಸಾಕೆಂಬುದು ರೂಢಿಯ ಲೆಕ್ಕ. ಸೂಕ್ಷ್ಮವಾದ ಧೂಳನ್ನೂ ಹಿಡಿಯಬೇಕಾದರೆ ಅದರ ಎರಡು ಪಾಲು, ಎಂದರೆ ೮೦೦ಕ್ಕೆ ಕಡಿಮೆಯಿಲ್ಲದಿದ್ದರೆ ಒಳ್ಳೆಯದೆಂದು ಅನುಭವಿಗಳು ಹೇಳುತ್ತಾರೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಯನ್ನು ನಂಬಿ ಮೋಸಹೋಗಬಾರದು. ಅದು ಬಹುಮಟ್ಟಿಗೆ ಕೊಳವೆಯೂ ಚೀಲವೂ ಇಲ್ಲದೆ ಅಳೆದ ಅಂಕಿ. ನನ್ನ ಒಂದು ಅಶ್ವಶಕ್ತಿಯ ಬ್ಲೋಯರಿನ ಮೇಲೆ ೭೦೦ ಎಂದು ಬರೆದಿತ್ತು. ಗಾಳಿಯ ವೇಗವನ್ನು ಅಳೆಯುವ ಸಣ್ಣ ಉಪಕರಣವನ್ನು ತಂದು ೨೦ ಅಡಿ ಕೊಳವೆಯ ತುದಿಯಲ್ಲಿ ಹಿಡಿದಾಗ ಬಂದದ್ದು ೨೮೦.

ಇನ್ನೊಂದು ತತ್ತ್ವವನ್ನು ಗೃಹಿಣಿಯರು ನನಗಿಂತ ಚೆನ್ನಾಗಿ ಬಲ್ಲರು. ದೀಪವನ್ನು ಮೊಳದ ದೂರದಿಂದ ಊದಿ ಆರಿಸಬಹುದು. ಅದೇ ದೂರದಿಂದ ಗಾಳಿಯನ್ನು ಒಳಕ್ಕೆಳೆದು ಆರಿಸಲಾಗದು. ಊದಿದ ಗಾಳಿಯು ಒಂದೇ ದಿಕ್ಕಿಗೆ ಓಡುತ್ತದೆ. ಹೀರಿದ ಗಾಳಿಯು ಎಲ್ಲಾ ದಿಕ್ಕುಗಳಿಂದಲೂ ಬರುತ್ತದೆ. ಕೊಳವೆಯ ಬಾಯಿಂದ ಅದರ ಒಂದು ವ್ಯಾಸದಷ್ಟು ದೂರ ಹೋದರೆ ಸಾಕು, ಎಳೆತದ ವೇಗವು ಹತ್ತರಲ್ಲೊಂದು ಪಾಲಿಗಿಂತಲೂ ಕೆಳಕ್ಕೆ ಬೀಳುತ್ತದೆ. ಆದುದರಿಂದ ನಾಲ್ಕು ಅಂಗುಲದ ಕೊಳವೆಯನ್ನು ಅರ್ಧ ಅಡಿ ದೂರದಲ್ಲಿಟ್ಟು ಧೂಳು ತಾನಾಗಿ ಬರಲೆಂದು ಕಾಯುವುದು ವ್ಯರ್ಥ. ಧೂಳು ಹುಟ್ಟುವ ಸ್ಥಳವನ್ನು ಆದಷ್ಟೂ ಮುಚ್ಚಿ, ಬಾಯಿಯನ್ನು ಅಲ್ಲಿಯೇ ಇಡಬೇಕು. ನನ್ನ ಗರಗಸದ ಮೇಜಿನ ಕೆಳಭಾಗವು ತೆರೆದಿತ್ತು. ಆಚಾರ್ರು ಅರ್ಧ ದಿನ ಕುಳಿತು ಅದನ್ನು ಪ್ಲೈವುಡ್ಡಿನಿಂದ ಪೆಟ್ಟಿಗೆಯಂತೆ ಮುಚ್ಚಿ, ಮೋಟಾರು ತಣ್ಣಗಿರಲು ಬೇಕಾದಷ್ಟು ಸಂದನ್ನು ಮಾತ್ರ ಬಿಟ್ಟರು. ಚಕ್ರವು ಮೇಲಕ್ಕೂ ಧೂಳನ್ನು ಎರಚುವುದರಿಂದ ಅದರ ಕಾಪಿನ ಮೇಲೆ ಎರಡನೆಯ ಬಾಯಿಯನ್ನೂ ಕೂಡಿಸಿದೆವು. ಇದಕ್ಕೆ ಆದ ಖರ್ಚು ಅತ್ಯಲ್ಪ. ಪ್ರಯೋಜನವು ಎಲ್ಲಕ್ಕಿಂತ ಹೆಚ್ಚು. ಸರಿಹೋಯಿತೋ ಇಲ್ಲವೋ ಎಂಬುದಕ್ಕೆ ಯಂತ್ರವನ್ನೆಲ್ಲ ಗುಡಿಸಿ, ಗರಗಸವನ್ನು ನಿಲ್ಲಿಸಿ, ಬ್ಲೋಯರನ್ನು ಮಾತ್ರ ನಡೆಸಿ, ಚಕ್ರದ ಸುತ್ತ ಊದಿನಕಡ್ಡಿಯನ್ನು ಹಿಡಿದು ನೋಡಬೇಕು. ಹೊಗೆಯು ಬಾಗಿ ಒಳಕ್ಕೆ ಹೋಗುವ ಎಡೆಯಲ್ಲಿ ಧೂಳೂ ಹೋಗುತ್ತದೆ. ನೋಡಿದ ಕೂಡಲೆ ಕಡ್ಡಿಯನ್ನು ಹೊರಗೆ ಆರಿಸತಕ್ಕದ್ದು. ಕಿಡಿಯು ಕೊಳವೆಗೆ ಬೀಳಬಾರದು.

ಚನ್ನಪಟ್ಟಣದ ಬೊಂಬೆಗಳಂತೆ ತಿರುಗಣೆಯ ಮೇಲೆ ಕೆಲಸಮಾಡುವವರಿಗೆ ಈ ಮುಚ್ಚುವಿಕೆಯು ಕಷ್ಟ. ಕೆತ್ತೆಯು ಎಲ್ಲಾ ಕಡೆಗೂ ಹಾರುತ್ತದೆ. ಅವರು ಮರದ ಹಿಂಬದಿಗೆ ಮೊರದಂಥ ಅಗಲವಾದ ಬಾಯಿಯನ್ನಿಟ್ಟು, ಮುಖ್ಯವಾಗಿ ಉಪ್ಪುಕಾಗದ ಹಿಡಿಯುವಾಗ ಅದನ್ನು ಆದಷ್ಟು ಹತ್ತಿರಕ್ಕೆ ತರಬೇಕು.

ಕೊಳವೆಯ ಗಣಿತ

ರಾಶಿಯನ್ನು ಕಣದಲ್ಲಿ ತೂರುವುದನ್ನು ನೋಡಿದವರಿಗೆ ಕೊಳವೆಯ ಗಣಿತವು ಸುಲಭ. ಗಾಳಿಯು ಮಂದವಾದರೆ ಕಾಳಿನ ಜೊತೆಗೆ ಹೊಟ್ಟೂ ಕಾಲಬುಡಕ್ಕೇ ಬೀಳುತ್ತದೆ. ಬಿರುಸಾದರೆ ಹೊಟ್ಟು ದೂರ ಹಾರುತ್ತದೆ. ಮರದ ಹೊಟ್ಟು ಕೊಳವೆಯ ಮಧ್ಯದಲ್ಲಿ ಬಿದ್ದು ಕಟ್ಟಿಕೊಳ್ಳದಿರಲು ಗಾಳಿಯು ನಿಮಿಷಕ್ಕೆ ಸುಮಾರು ೪,೦೦೦ ಅಡಿ ವೇಗದಲ್ಲಿ ಓಡಬೇಕು. ಎಂದರೆ ಗಂಟೆಗೆ ೭೩ ಕಿಲೋಮೀಟರ್, ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ. ಈ ವೇಗದಲ್ಲಿ ೪ ಅಂಗುಲದ ಕೊಳವೆಯು ನಿಮಿಷಕ್ಕೆ ೩೫೦ ಘನ ಅಡಿ, ೫ ಅಂಗುಲದ್ದು ೫೪೫, ೬ ಅಂಗುಲದ್ದು ೭೮೫ ಘನ ಅಡಿ ಗಾಳಿಯನ್ನು ಒಯ್ಯುತ್ತವೆ.

೪ ಅಂಗುಲದ ಕೊಳವೆಯಲ್ಲಿ ೮೦೦ ಘನ ಅಡಿಯನ್ನು ಎಳೆಯಲು ಹೋದರೆ ಘರ್ಷಣೆಯೇ ಶಕ್ತಿಯನ್ನೆಲ್ಲ ನುಂಗಿಬಿಡುತ್ತದೆ. ಅದೇ ಗಾಳಿಯನ್ನು ೬ ಅಂಗುಲದ ಕೊಳವೆಯಲ್ಲಿ ಹರಿಸಿದರೆ ಘರ್ಷಣೆಯ ನಷ್ಟವು ಸುಮಾರು ಏಳರಲ್ಲೊಂದು ಪಾಲು. ಹಾಗೆಂದು ಬಡ ಬ್ಲೋಯರಿಗೆ ೬ ಅಂಗುಲದ ಕೊಳವೆಯನ್ನು ಕಟ್ಟಿದರೆ ವೇಗವು ಕುಗ್ಗಿ ಹೊಟ್ಟು ಒಳಗೇ ಕೂರುತ್ತದೆ. ಗಾಡಿಗೂ ಎತ್ತಿಗೂ ಜೋಡಿಯಾಗಬೇಕು. ಸುಕ್ಕಿನ ಕೊಳವೆಯು ನಯವಾದ ಕೊಳವೆಗಿಂತ ಬಹಳ ಹೆಚ್ಚಾಗಿ ಗಾಳಿಯನ್ನು ತಡೆಯುವುದರಿಂದ ಅದನ್ನು ಯಂತ್ರದ ಹತ್ತಿರ ಒಂದೆರಡು ಗಜ ಮಾತ್ರ ಉಪಯೋಗಿಸಬೇಕು. ತಿರುವುಗಳು ಅಗಲವಾಗಿಯೂ ಕೆಲವಾಗಿಯೂ ಇರಬೇಕು. ನಡೆಯದಿರುವ ಯಂತ್ರದ ಕೊಳವೆಯನ್ನು ಮುಚ್ಚಿ, ಒಂದು ಸಲಕ್ಕೆ ಒಂದಕ್ಕೇ ಗಾಳಿಯನ್ನು ಕೊಡಬೇಕು.

ನನ್ನ ಗರಗಸಕ್ಕೆ ಕೆಳಗೆ ೪ ಅಂಗುಲದ ಬಾಯಿ, ಮೇಲೆ ೩ ಅಂಗುಲದ ಬಾಯಿ. ಎರಡೂ ಕೂಡುವ ಮುಖ್ಯ ಕೊಳವೆಯು ಎಷ್ಟು ಅಂಗುಲದ್ದಾಗಿರಬೇಕು? ಶುಲ್ಬಸೂತ್ರವನ್ನು ಓದಿದವನಿಗೆ ಉತ್ತರವು ನಾಲಗೆಯ ತುದಿಯಲ್ಲಿದೆ. ಮೂರರ ವರ್ಗ ೯, ನಾಲ್ಕರ ವರ್ಗ ೧೬. ಕೂಡಿದರೆ ೨೫, ಅದು ಐದರ ವರ್ಗ. ವೃತ್ತಗಳ ಕ್ಷೇತ್ರಫಲವು ವ್ಯಾಸದ ವರ್ಗದಂತೆ ನಡೆಯುವುದರಿಂದ ೫ ಅಂಗುಲದ ಕೊಳವೆಯು ಸರಿಯಾಗಿ ಸಾಕು. ಯಜ್ಞವೇದಿಯನ್ನು ಅಳೆದ ಗಣಿತವು ಗರಗಸದ ಮೇಜಿಗೂ ಬಂದಿತೆಂದು ನನಗೆ ಆ ದಿನ ಬಹಳ ಸಂತೋಷವಾಯಿತು.

ಈ ಲೆಕ್ಕದಂತೆ ಎರಡು ಅಶ್ವಶಕ್ತಿಯ ಬ್ಲೋಯರನ್ನು ಆರಿಸಿದೆನು. ಅದನ್ನು ಗರಗಸದ ಬಳಿಯ ಗೋಡೆಗೇ ತಂದು, ಕೊಳವೆಯನ್ನು ಒಟ್ಟು ೮ ಅಡಿಗೆ ಇಳಿಸಿದಾಗ ೫೫೦ ಘನ ಅಡಿ ಗಾಳಿಯು ದೊರೆಯಿತು. ಅನುಕೂಲವುಳ್ಳವರು ಮೂರು ಅಶ್ವಶಕ್ತಿಯದನ್ನೂ ೬ ಅಂಗುಲದ ಕೊಳವೆಯನ್ನೂ ಇಡುವುದು ಇನ್ನೂ ಮೇಲು. ಆದರೆ ವಿದ್ಯುತ್ತಿನ ವಿಚಾರವನ್ನು ಮರೆಯಬಾರದು. ಎರಡು ಅಶ್ವಶಕ್ತಿಯ ಮೋಟಾರು ಮನೆಯ ೨೩೦ ವೋಲ್ಟಿನಲ್ಲಿ ೯ರಿಂದ ೧೦ ಆಂಪಿಯರನ್ನು ಎಳೆಯುತ್ತದೆ. ಹೊರಡುವಾಗ ಕ್ಷಣಕಾಲ ಅದರ ಹಲವು ಪಾಲು. ಗರಗಸವೂ ಬ್ಲೋಯರೂ ಯಾವಾಗಲೂ ಕೂಡಿಯೇ ನಡೆಯುವುವಾದ್ದರಿಂದ ಎರಡಕ್ಕೂ ಬೇರೆಬೇರೆ ತಂತಿಗಳನ್ನು ಮುಖ್ಯ ಫಲಕದಿಂದಲೇ ತರಿಸತಕ್ಕದ್ದು.

ಸುಳಿಗಾಳಿಯ ಪೀಪಾಯಿಯೂ ಶೋಧಕವೂ

ಹೀರಿದ ಧೂಳನ್ನು ಏನು ಮಾಡುವುದು? ಗಾಳಿಯನ್ನು ಪೀಪಾಯಿಯೊಂದರೊಳಗೆ ಅಂಚಿನಿಂದ ನುಗ್ಗಿಸಿದರೆ ಅದು ಸುಂಟರಗಾಳಿಯಂತೆ ಸುತ್ತುತ್ತದೆ. ಭಾರವಾದ ಹೊಟ್ಟು ಗೋಡೆಗೆ ತಗಲಿ ಕೆಳಕ್ಕೆ ಬೀಳುತ್ತದೆ. ಹಗುರವಾದ ಧೂಳು ಮಾತ್ರ ನಡುವಿನಿಂದ ಮೇಲಕ್ಕೆ ಹೊರಡುತ್ತದೆ. ಇದಕ್ಕೆ ಸೈಕ್ಲೋನ್ ಎಂದು ಹೆಸರು. ಅ‍ಮೆರಿಕದ ಜಾನ್ ಫಿಂಚ್ ಎಂಬಾತನು ೧೮೮೫ರಲ್ಲಿ ಇದರ ಹಕ್ಕುಪತ್ರವನ್ನು ಪಡೆದನು. ಇಂದಿನ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರನ್ನು ಪ್ರಸಿದ್ಧಿಗೆ ತಂದ ಜೇಮ್ಸ್ ಡೈಸನ್ ಎಂಬ ಆಂಗ್ಲೇಯನಿಗೆ ಅದರ ಕಲ್ಪನೆಯು ಹೊಳೆದದ್ದು ಮರಕೊಯ್ಯುವ ಕಾರಖಾನೆಯ ಸೈಕ್ಲೋನನ್ನು ನೋಡಿ. ಪೀಪಾಯಿಯಿಂದ ಆಗುವ ಲಾಭವೇನೆಂದರೆ, ನೂರರಲ್ಲಿ ಬಹುಪಾಲು ಹೊಟ್ಟು ಅಲ್ಲಿಯೇ ನಿಂತು ಮುಂದಿನ ಶೋಧಕವು ಬೇಗ ಕಟ್ಟಿಕೊಳ್ಳದು. ಆದರೆ ಅತಿ ಸೂಕ್ಷ್ಮವಾದ ಧೂಳನ್ನು ಅದು ಹಿಡಿಯಲಾರದು. ಅದು ಶೋಧಕದ ಕೆಲಸ.

ಶೋಧಕದಲ್ಲಿ ಎರಡನ್ನು ವಿಚಾರಿಸಬೇಕು: ಎಷ್ಟು ಸಣ್ಣ ಕಣವನ್ನು ಹಿಡಿಯುತ್ತದೆ, ಅದರ ಬಟ್ಟೆಯ ವಿಸ್ತಾರವೆಷ್ಟು. ನನ್ನ ಮೊದಲ ಚೀಲವು ೩೦ ಮೈಕ್ರಾನಿನದು. ನೆಲಕ್ಕೆ ಬೀಳುವುದನ್ನು ಹಿಡಿದು, ಎದೆಗೆ ಇಳಿಯುವುದನ್ನು ಬಿಟ್ಟುಕೊಡುತ್ತಿತ್ತು. ಒಂದು ಮೈಕ್ರಾನಿನವರೆಗೆ ಹಿಡಿಯುವ ಮಡಿಕೆಮಡಿಕೆಯಾದ ಶೋಧಕಗಳು ಈಗ ದೊರೆಯುತ್ತವೆ. ಹತ್ತು ಘನ ಅಡಿ ಗಾಳಿಗೆ ಒಂದು ಚದರ ಅಡಿ ಬಟ್ಟೆಯೆಂಬುದು ರೂಢಿಯ ಲೆಕ್ಕ. ನನ್ನ ೫೫೦ ಘನ ಅಡಿಗೆ ೫೫ ಚದರ ಅಡಿ, ಎಂದರೆ ಏಳೂವರೆ ಅಡಿ ಚೌಕದ ಜಮಖಾನೆಯಷ್ಟು ಬಟ್ಟೆಯು ಬೇಕು. ಮಡಿಕೆಗಳಿಂದ ಅದು ಸಣ್ಣ ಡಬ್ಬಿಯಲ್ಲಿ ಅಡಕವಾಗುತ್ತದೆ. ನೆರಿಗೆ ಹಿಡಿದರೆ ಹದಿನೆಂಟು ಮೊಳದ ಸೀರೆಯೂ ಸೊಂಟದಲ್ಲಿ ಅಡಗುವುದಿಲ್ಲವೆ?

ಇಲ್ಲಿ ನಮಗೊಂದು ಅನುಕೂಲವುಂಟು. ಈ ವಿಷಯದ ಗ್ರಂಥಗಳು ಹೆಚ್ಚಾಗಿ ಶೀತದೇಶಗಳವು. ಅಲ್ಲಿ ಕಾಯಿಸಿದ ಗಾಳಿಯನ್ನು ಹೊರಕ್ಕೆ ಬಿಟ್ಟರೆ ಮನೆಯು ತಣ್ಣಗಾಗುವುದರಿಂದ, ಅದನ್ನು ಶೋಧಿಸಿ ಮತ್ತೆ ಒಳಕ್ಕೇ ಬಿಡಬೇಕು. ನಮಗೆ ಆ ಕಟ್ಟುಪಾಡಿಲ್ಲ. ನಾನು ಬ್ಲೋಯರು, ಪೀಪಾಯಿ, ಶೋಧಕ ಮೂರನ್ನೂ ಹಿಂಗೋಡೆಯ ಹೊರಗೆ ಮಳೆತಾಗದ ಸಣ್ಣ ಮಾಡಿನ ಕೆಳಗೆ ಇಟ್ಟೆನು. ಸೋರಿದ ಧೂಳು ಹೊರಗೇ ಉಳಿಯಿತು, ಸದ್ದೂ ತಗ್ಗಿತು. ಹಾಗೆಂದು ಶೋಧಕವಿಲ್ಲದೆ ಪಕ್ಕದ ಮನೆಯ ಕಿಟಕಿಗೋ ಬಟ್ಟೆ ಒಣಹಾಕುವ ತಂತಿಗೋ ಧೂಳನ್ನು ಬಿಡುವುದು ಸಜ್ಜನರ ಲಕ್ಷಣವಲ್ಲ. ಹೊರಕ್ಕೆ ಹೋದಷ್ಟು ಗಾಳಿಯು ಒಳಕ್ಕೆ ಬರಲು ಎದುರಿನ ಬಾಗಿಲನ್ನು ತೆರೆದಿಡಬೇಕು. ಇಲ್ಲದಿದ್ದರೆ ಮಗ್ಗುಲಲ್ಲಿರುವ ಬಚ್ಚಲಿನ ಗ್ಯಾಸ್ ಗೀಸರಿನ ವಿಷವಾಯುವು ಹಿಂದಕ್ಕೆ ಸೆಳೆಯಲ್ಪಡಬಹುದು. ಹೀಗಿಟ್ಟಾಗ ನನ್ನ ಕೊಟ್ಟಿಗೆಯಷ್ಟು ಗಾಳಿಯು ಎರಡು ಮೂರು ನಿಮಿಷಕ್ಕೊಮ್ಮೆ ಹೊರಟುಹೋಗುತ್ತದೆ. ಕೆಲಸ ಮುಗಿದ ಮೇಲೆ ಇನ್ನೂ ಕಾಲು ಗಂಟೆ ಬ್ಲೋಯರನ್ನು ನಡೆಸುವುದು ನನ್ನ ಪದ್ಧತಿ.

ಕೆಲವು ಎಚ್ಚರಿಕೆಗಳು

ಮರದ ಧೂಳು ಗಾಳಿಯಲ್ಲಿ ದಟ್ಟವಾಗಿ ಎದ್ದಾಗ ಮದ್ದಿನಂತೆ ಸಿಡಿಯಬಲ್ಲುದು. ಇಂಗ್ಲೆಂಡಿನ ಬಾಸ್ಲಿ ಎಂಬಲ್ಲಿ ಮರದ ಹಿಟ್ಟನ್ನು ಬೀಸುವ ಗಿರಣಿಯಲ್ಲಿ ೨೦೧೫ರಲ್ಲಿ ಸ್ಫೋಟವಾಗಿ ನಾಲ್ವರು ಮಡಿದರು. ಮನೆಯ ಕೊಟ್ಟಿಗೆಯಲ್ಲಿ ಅಂಥ ಸ್ಫೋಟಕ್ಕಿಂತ ಹೊಗೆಯಾಡುವ ಬೆಂಕಿಯ ಭಯವೇ ಹೆಚ್ಚು. ಉಳಿಯನ್ನು ಮಸೆಯುವ ಸಾಣೆಯಂತ್ರಕ್ಕೆ ಈ ಕೊಳವೆಯನ್ನು ಎಂದಿಗೂ ಹೂಡಬಾರದು. ಕಿಡಿಯು ಪೀಪಾಯಿಯೊಳಗೆ ಹೋಗಿ ರಾತ್ರಿ ಕಾದು ಕುಳಿತೀತು. ಅಗಸೆಎಣ್ಣೆಯನ್ನು ಒರಸಿದ ಬಟ್ಟೆಯು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ಹೊಟ್ಟಿನೊಡನೆ ಬೆರಸದೆ ಬಯಲಿನಲ್ಲಿ ಹರಡಿ ಒಣಗಿಸಬೇಕು. ಪೀಪಾಯಿಯನ್ನು ದಿನವೂ ಬರಿದುಮಾಡಬೇಕು. ನಮ್ಮ ತಾಯಿಯವರು ಹೊಟ್ಟಿನ ಒಲೆಯಲ್ಲಿ ಅಡಿಗೆಮಾಡುತ್ತಿದ್ದುದು ನನಗೆ ನೆನಪಿದೆ. ಈಗಲೂ ಬರಿಯ ಮರದ ಹೊಟ್ಟನ್ನು ಹಾಗೆ ಉಪಯೋಗಿಸಬಹುದು, ಪ್ಲೈವುಡ್, ಎಂ.ಡಿ.ಎಫ್.ಗಳ ಹೊಟ್ಟಿನಲ್ಲಿ ಅಂಟಿರುವುದರಿಂದ ಅದು ಒಲೆಗೂ ಗೊಬ್ಬರದ ಗುಂಡಿಗೂ ಸಲ್ಲದು.

ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಸ್ವಲ್ಪ ಧೂಳು ತಪ್ಪಿಸಿಕೊಳ್ಳುವುದು. ಆದಕಾರಣ ಮುಖಕ್ಕೆ ಸರಿಯಾಗಿ ಕೂರುವ ಎನ್-೯೫ ಮುಖಕವಚವನ್ನು ಧರಿಸತಕ್ಕದ್ದು. ಮೂಗಿಗೆ ಕಟ್ಟಿದ ಅಂಗವಸ್ತ್ರವು ಹೊಟ್ಟನ್ನು ತಡೆದೀತು, ಸೂಕ್ಷ್ಮವಾದ ಧೂಳನ್ನು ತಡೆಯದು.

ಈ ಮಾತನ್ನು ನಾನು ಆಚಾರ್ರಿಗೆ ಹೇಳಿದಾಗ ಅವರು ಹೆಗಲಮೇಲಿನ ವಸ್ತ್ರವನ್ನು ತೋರಿಸಿ ನಕ್ಕರು. “ನಮಗಿದು ಅಭ್ಯಾಸ, ಮೇಷ್ಟ್ರೇ. ಬೀಟೆ ಕೊಯ್ದ ದಿನ ಮೂಗು ಸೀನಿದರೆ ಬೀಟೆಯ ಬಣ್ಣವೇ ಬರುತ್ತದೆ. ನಮ್ಮಪ್ಪನಿಗೂ ಹಾಗೇ ಬರುತ್ತಿತ್ತು” ಎಂದರು. ನಾನು ವಾದಿಸಲಿಲ್ಲ. ಮರುದಿನ ಬೆಳಗ್ಗೆ ಬಿಸಿಲುಕೋಲು ಇಳಿಯುವ ಹೊತ್ತಿಗೆ ಅವರನ್ನು ಕರೆದು, ಹಳೆಯ ಚೀಲದ ಬ್ಲೋಯರನ್ನು ಒಂದು ನಿಮಿಷ ನಡೆಸಿ ತೋರಿಸಿದೆನು. ಅವರು ಬಹಳ ಹೊತ್ತು ಆ ಬಿಸಿಲನ್ನೇ ನೋಡುತ್ತಾ ನಿಂತರು. ಆಮೇಲೆ, “ನಮ್ಮ ಹುಡುಗ ಕೆಲಸಕ್ಕೆ ಹೋಗುವ ಕಡೆ ಇಂಥ ಯಂತ್ರ ಏಳಿವೆ, ಕೊಳವೆ ಒಂದೂ ಇಲ್ಲ. ಆ ಕವಚ ಅವನಿಗೂ ಎರಡು ಕೊಡಿ, ಮೇಷ್ಟ್ರೇ” ಎಂದರು.

ಸ್ವಂತವಾಗಿ ಗರಗಸವನ್ನಿಟ್ಟ ವಾಚಕರು ಕೆಲವರೇ ಇರಬಹುದು. ಮನೆಗೆ ಬಡಗಿಗಳನ್ನು ಕರೆಸದ ಗೃಹಸ್ಥರು ಇಲ್ಲ. ಹೊಸ ಮನೆಯ ಕಪಾಟುಗಳನ್ನು ಮುಚ್ಚಿದ ಕೋಣೆಯಲ್ಲಿ ಪ್ಲೈವುಡ್ಡನ್ನು ಕೊಯ್ದೇ ಮಾಡಿಸುತ್ತೇವೆ. ಬಣ್ಣಕ್ಕೂ ಹಿಡಿಗಳಿಗೂ ಆದ ವೆಚ್ಚವನ್ನು ಬರೆಯುವ ನಾವು, ಕೊಯ್ಯುವ ಕೆಲಸವನ್ನು ಹೊರಾಂಗಣದಲ್ಲೋ ತೆರೆದ ಬಾಗಿಲ ಬಳಿಯಲ್ಲೋ ಇಡಿಸಿ, ಅವರ ಕೈಯಂತ್ರಕ್ಕೆ ಹೂಡಲು ಒಂದು ವ್ಯಾಕ್ಯೂಮನ್ನೂ ಮುಖಕ್ಕೆ ಕವಚವನ್ನೂ ಒದಗಿಸಿದರೆ ಲೆಕ್ಕವು ಎಷ್ಟೂ ಹೆಚ್ಚಾಗದು.

ಬೇಸಗೆಯ ರಜಕ್ಕೆ ಮೊಮ್ಮಗಳು ಮತ್ತೆ ಬಂದಳು. ಯಂತ್ರಗಳು ನಡೆಯುವಾಗ ಅವಳಿಗೆ ಈಗಲೂ ಕೊಟ್ಟಿಗೆಯ ಪ್ರವೇಶವಿಲ್ಲ. ಮಕ್ಕಳ ವಿಷಯದಲ್ಲಿ ಯಾವ ಶೋಧಕವನ್ನೂ ಪೂರ್ತಿಯಾಗಿ ನಂಬಬಾರದೆಂದು ನಿಶ್ಚಯಿಸಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಮೊದಲು ಅವಳು ಬಂದು ಗಾಜಿನ ಹೆಂಚಿನ ಕೆಳಗೆ ನಿಂತು ಬಿಸಿಲುಕೋಲನ್ನು ಪರೀಕ್ಷಿಸುತ್ತಾಳೆ. ಎಲ್ಲೋ ಒಂದೆರಡು ತ್ರಸರೇಣುಗಳು ಹೊಳೆದರೆ, “ಅಜ್ಜ, ಇವತ್ತು ಮೂರು ಇವೆ” ಎಂದು ಎಣಿಸಿ ಹೇಳುತ್ತಾಳೆ. ಆ ತಿಂಗಳು ಅವಳಿಗೆ ಕೆಮ್ಮು ಬರಲಿಲ್ಲ. ವ್ಯಾಸಪೀಠವು ಮುಗಿದಿದೆ, ಅದರ ಮೇಲೆ ಈಗ ಅವಳ ಚಿತ್ರದ ಪುಸ್ತಕವು ಇದೆ.